ಹಿಂದಕ್ಕೆ ಪಡೆದ ಒಂದು ಶಿಕ್ಷೆ

ಮಕ್ಕಳನ್ನು ಹೊಡೆಯದೆ, ಹೆದರಿಸದೆ ಬೆಳೆಸಬೇಕೆಂದು ಭಾಷಣ ಮಾಡುವವರಿಗೆ ಈ ಕ್ಷೇತ್ರದಲ್ಲಿ ಎಂದೂ ಬರವಿರಲಿಲ್ಲ. ಐದರಿಂದ ಹದಿನಾರು ವರ್ಷದವರೆಗಿನ ನೂರಿಪ್ಪತ್ತು ಹೆಣ್ಣುಮಕ್ಕಳ ವಸತಿನಿಲಯದಲ್ಲಿ ಮೂವತ್ತೊಂದು ವರ್ಷ ಹಾಗೆಯೇ ಬೆಳೆಸಿ ತೋರಿಸಿದವರು ಮಾತ್ರ ವಿರಳ. ಆ ವಿರಳರಲ್ಲೊಬ್ಬರು ಇಂದು ನಿವೃತ್ತರಾಗುತ್ತಿರುವ ನಮ್ಮ ಮುಖ್ಯ ವಾರ್ಡನ್. ಹೇಳಿದ ಹೊತ್ತಿಗೆ ಹೇಳಿದ್ದನ್ನೇ ಮಾಡುತ್ತಿದ್ದುದರಿಂದ ಮಕ್ಕಳು ಅವರಿಗಿಟ್ಟ ಹೆಸರು ಗಡಿಯಾರದಮ್ಮ. ಅದು ಅವರ ಕಿವಿಗೂ ಬಿದ್ದಿತ್ತು, ಕೇಳಿಸದವರಂತೆ ಇದ್ದುಬಿಟ್ಟಿದ್ದರು.

ನಾನು ಅವರ ಕೈಕೆಳಗೆ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತನಾಲ್ಕು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮೊದಲ ದಿನವೇ ಅವರು ತಿಳಿಹೇಳಿದ್ದರು: ಚಿಕ್ಕವರ ಶಿಕ್ಷೆ ಅಲ್ಲೇ ಆಗಿ ಅಲ್ಲೇ ಮುಗಿಯಬೇಕು, ನಡುವಿನವರು ತಾವು ಕೆಡಿಸಿದ್ದನ್ನು ತಾವೇ ಸರಿಮಾಡಬೇಕು, ದೊಡ್ಡವರನ್ನು ಏನು ಮಾಡೋಣವೆಂದು ಕೇಳಬೇಕು, ಯಾರೇ ಆಗಲಿ, ಅವರ ಊಟಕ್ಕೆ, ನಿದ್ದೆಗೆ, ಮನೆಯ ಫೋನಿಗೆ ಕೈ ಹಾಕಬಾರದು. ನಾನು ತಲೆಯಾಡಿಸಿದೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆನೆಂಬುದೇ ನಿಜ.

ಮೂರನೆಯ ತಿಂಗಳಿನ ಒಂದು ಬುಧವಾರ ಐದು, ಒಂಬತ್ತು, ಹದಿನಾಲ್ಕು ವಯಸ್ಸಿನ ಮೂವರು ಅಕ್ಕತಂಗಿಯರು ವರಾಂಡದ ತುಂಬ ಸೋಪಿನ ನೀರು ಸುರಿದು ಜಾರುವ ಆಟ ಆಡಿದರು. ಹಾಲಿನ ಪಾತ್ರೆ ಹಿಡಿದು ಬಂದ ಅಡುಗೆಯಣ್ಣ ದೊಪ್ಪನೆ ಬಿದ್ದು ಸೊಂಟ ಹಿಡಿದುಕೊಂಡರು. ನಾನು ಹಿಂದುಮುಂದು ನೋಡದೆ ಮೂವರಿಗೂ ಒಂದೇ ಶಿಕ್ಷೆ ಸಾರಿದೆ: ಭಾನುವಾರ ಅಮ್ಮನಿಗೆ ಫೋನಿಲ್ಲ.

ಭಾನುವಾರದ ಹೊತ್ತಿಗೆ ಚಿಕ್ಕವಳಿಗೆ ಸೋಪಿನ ನೀರು ಮರೆತೇ ಹೋಗಿತ್ತು. ಫೋನಿನ ಸಾಲಿನ ಪಕ್ಕ ನಿಂತು, "ಮಿಸ್, ಅಮ್ಮಂಗೆ ನಾನು ಬೇಡ್ವಾ?" ಎಂದು ಅತ್ತಳು. ಅವಳೊಬ್ಬಳನ್ನು ಸಾಲಿಗೆ ಸೇರಿಸಹೊರಟರೆ ದೊಡ್ಡಕ್ಕ ತಣ್ಣಗೆ, "ಅಂದ್ರೆ ಅತ್ರೆ ಆಯ್ತು ಅನ್ನಿ," ಎಂದಳು. ನನ್ನ ಪಾಡು ಅತ್ತ ದರಿ ಇತ್ತ ಪುಲಿ. ಈ ಕೆಲಸ ನನಗೆ ಒಗ್ಗದೆಂದು ರಾಜೀನಾಮೆ ಬರೆದು ಗಡಿಯಾರದಮ್ಮನ ಕೋಣೆಗೆ ಹೋದೆ.

ಅವರು ಒಗೆದ ಹೊದಿಕೆಗಳನ್ನು ಮಡಿಸುತ್ತಿದ್ದರು. ಒಂದರ ತುದಿಯನ್ನು ನನ್ನ ಕೈಗೂ ಕೊಟ್ಟು, ಎಲ್ಲವನ್ನೂ ಕೇಳಿಸಿಕೊಂಡು, "ರಾಜೀನಾಮೆ ನಾಳೆ ಕೊಡಿ. ಫೋನು ಇವತ್ತೇ ಮಾಡಿಸಿ, ಮೂರೂ ಜನಕ್ಕೆ. ಆ ಶಿಕ್ಷೆ ಕೊಟ್ಟಿದ್ದು ನನ್ನ ತಪ್ಪು ಅಂತ ಅವರ ಮುಂದೇನೇ ಹೇಳಿ," ಎಂದರು.

"ಆಮೇಲೆ ತಲೆ ಮೇಲೆ ಹತ್ತಿ ಕೂತ್ಕೋತಾರೆ ಮೇಡಂ."

"ಅತ್ತಿದ್ದಕ್ಕೆ ಬಿಟ್ರೆ ಕೂತ್ಕೋತಾರೆ. ತಪ್ಪು ಅಂತ ಗೊತ್ತಾಗಿ ತಿದ್ಕೊಂಡ್ರೆ ಯಾರೂ ಕೂರಲ್ಲ. ಸೋಪಿನ ವಿಷಯ ಮಾತ್ರ ಬಿಡ್ಬೇಡಿ."

ತಪ್ಪು ನನ್ನದೆಂದು ಮೂವರೆದುರು ಹೇಳಿದೆ. ಫೋನಾದ ಮೇಲೆ, ಚಿಕ್ಕವಳ ಶಿಕ್ಷೆ ಅಲ್ಲಿಗೆ ಮುಗಿಯಿತೆಂದೆ. ನಡುವಿನವಳು ವರಾಂಡದಲ್ಲಿ ಉಳಿದಿದ್ದ ಸೋಪಿನ ಕಲೆ ಉಜ್ಜಿದಳು. ಏನು ಮಾಡೋಣವೆಂದು ದೊಡ್ಡಕ್ಕನನ್ನೇ ಕೇಳಿದಾಗ ಅವಳು, ಅಡುಗೆಯಣ್ಣನ ಸೊಂಟ ಸರಿಹೋಗುವವರೆಗೆ ಪಾತ್ರೆ ಎತ್ತಿಕೊಡುವೆನೆಂದಳು. ಒಂಬತ್ತು ದಿನ ಎತ್ತಿಕೊಟ್ಟಳು.

ಆದರೂ ನನ್ನ ಅಳುಕು ಹೋಗಿರಲಿಲ್ಲ. ಸೋಮವಾರ ಬೆಳಿಗ್ಗೆ ಪತ್ರ ಹಿಡಿದು ಬಾಗಿಲು ತೆರೆದರೆ ಎದುರಿಗೆ ಚಿಕ್ಕವಳು. "ಮಿಸ್, ಗಾಜಿನ ಲೋಟ ಒಡೀತು. ಯಾರೂ ನೋಡಿಲ್ಲ. ನಾನೇ ಒಡೆದಿದ್ದು."

ಅದುವರೆಗೆ ಒಂದು ಮಗುವೂ ತಾನಾಗಿ ಬಂದು ನನ್ನ ಬಳಿ ತಪ್ಪೊಪ್ಪಿಕೊಂಡಿರಲಿಲ್ಲ. ನನಗೆ ಅಳು ಬಂತು. ಪತ್ರ ಒಳಗಿಟ್ಟು, ಅವಳ ಜೊತೆ ಹೋಗಿ ಚೂರುಗಳನ್ನು ಗುಡಿಸಿದೆ.

ಅದಾಗಿ ಹತ್ತೊಂಬತ್ತು ವರ್ಷ. ನಾಳೆಯಿಂದ ಈ ನಿಲಯದ ಹೊಣೆ ನನ್ನದು. ಹೊಸದಾಗಿ ಸೇರುವ ವಾರ್ಡನ್‌ಗಳಿಗೆ ತರಬೇತಿ ಕೊಡಲು ಮೇಡಂ ಒಪ್ಪಿರುವುದು ನಮ್ಮ ಪುಣ್ಯ. ತಪ್ಪು ಮಾಡಿದ ಮಗು ಅಡಗಿಕೊಳ್ಳದೆ ನಮ್ಮ ಬಳಿಗೇ ಬರುವಂತೆ ಬದುಕುವುದನ್ನು ಇನ್ನೂ ನೂರಾರು ಮಂದಿಗೆ ಕಲಿಸುವಷ್ಟು ಆಯುಸ್ಸು, ಆರೋಗ್ಯ ಅವರಿಗಿರಲಿ.