ಕನ್ನಡಿ ಹಿಡಿದು ಕೂರುವ ಟೈಲರಕ್ಕ

ಬೆಳಗಿನ ಆರೂಕಾಲು. ಮೂರನೇ ಮಹಡಿಯ ಆಫೀಸಿನಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಕೂತಿರುವ ಹೆಂಗಸು ಕಂಪ್ಯೂಟರಿಗೆ ಬೆನ್ನು ಹಾಕಿದ್ದಾರೆ, ಕೈಯಲ್ಲೊಂದು ಅಂಗೈಯಗಲದ ಕನ್ನಡಿ. ಹೊಸಬರು ನೋಡಿದರೆ ಇವರಿಗೆ ಆಫೀಸಿಗೆ ಬಂದು ತಲೆ ಬಾಚಿಕೊಳ್ಳುವಷ್ಟು ಬಿಡುವು ಎಂದುಕೊಂಡಾರು. ಅವರು ನೋಡುತ್ತಿರುವುದು ಬೆನ್ನ ಹಿಂದಿನ ಪರದೆಯನ್ನು, ಅಲ್ಲಿರುವ ಕೋಟೆ, ಕುದುರೆ, ಬೀದಿದೀಪಗಳನ್ನು, ಎಡಬಲ ಅದಲುಬದಲಾಗಿ.

ಇದು ವಿಡಿಯೋ ಗೇಮ್ ತಯಾರಿಸುವ ಕಂಪನಿ. ಕಲಾವಿದರು ಬರೆದ ಪ್ರತಿ ಚಿತ್ರವೂ ಆಟದೊಳಗೆ ಸೇರುವ ಮುನ್ನ ಇವರ ಕಣ್ಣು ದಾಟಿ ಹೋಗಬೇಕು. ಚಿತ್ರ ಸ್ವಂತದ್ದೋ, ಯಾರದೋ ಎತ್ತಿ ತಂದದ್ದೋ ಎಂದು ಹೇಳುವುದು ಇವರ ಕೆಲಸ. ದಿನಕ್ಕೆ ನೂರಿಪ್ಪತ್ತು ಚಿತ್ರ. ನಾಲ್ಕು ವರ್ಷದಲ್ಲಿ ಸಿಕ್ಕಿಬಿದ್ದದ್ದು ಮೂವತ್ತೊಂದು.

“ಕದಿಯೋರು ಮೊದ್ಲು ಚಿತ್ರಾನ ತಿರುಗಿಸ್ತಾರೆ, ಆಮೇಲೆ ಬಣ್ಣ ಬದಲಾಯಿಸ್ತಾರೆ. ನಾನು ವಾಪಸ್ ತಿರುಗಿಸ್ತೀನಿ, ಅಷ್ಟೇ” ಎನ್ನುತ್ತಾರೆ. ಒಂದು ಗುಂಡಿ ಒತ್ತಿದರೆ ಕಂಪ್ಯೂಟರೇ ತಿರುಗಿಸುತ್ತದಲ್ಲ ಎಂದು ಕಲಾವಿದರು ಕಿಚಾಯಿಸುವುದುಂಟು. ಇವರು ಜಗ್ಗುವವರಲ್ಲ. ಅಳತೆ ಸರಿಯಿದೆಯೇ ಎಂದು ಗಿರಾಕಿಗಳಿಗೆ ಹಿಡಿಯುತ್ತಿದ್ದ ಕನ್ನಡಿಯದು.

ಹೌದು, ಇವರು ಇಪ್ಪತ್ತೆರಡು ವರ್ಷ ಇದೇ ಕಟ್ಟಡದ ಕೆಳಗೆ ಹೊಲಿಗೆ ಅಂಗಡಿ ನಡೆಸಿದವರು. ಸಿದ್ಧ ಉಡುಪುಗಳ ಮುಂದೆ ಅಂಗಡಿ ಸೊರಗುತ್ತಿದ್ದ ಹೊತ್ತಿನಲ್ಲಿ, ಸೈನಿಕನ ಕೋಟಿನ ಹೊಲಿಗೆ ಹೇಗಿರುತ್ತದೆ ಎಂದು ಕೇಳಲು ಮೇಲಿನವರು ಇಳಿದು ಬಂದರು. ಅವರು ತೋರಿಸಿದ ಚಿತ್ರದಲ್ಲಿ ಗುಂಡಿ ತಪ್ಪು ಮಗ್ಗುಲಲ್ಲಿತ್ತು. ಹುಡುಕಿದರೆ ಇಡೀ ಚಿತ್ರವೇ ಇನ್ನೊಬ್ಬರದು. ಮರುವಾರವೇ ಇವರಿಗೆ ಮೇಲೊಂದು ಕುರ್ಚಿ ಬಂತು. ಹೆಸರು ಮಾತ್ರ ಟೈಲರಕ್ಕ ಎಂದೇ ಉಳಿಯಿತು. ಮನೆಯಲ್ಲಿ ಗಂಡ ಪೊಲೀಸಮ್ಮ ಎಂದು ರೇಗಿಸುತ್ತಾರೆ.

ಆ ರೇಗಿಸುವಿಕೆಯೂ ಒಂದಷ್ಟು ದಿನ ನಿಂತಿತ್ತು. ಎರಡು ವರ್ಷದ ಹಿಂದೆ ಒಂದು ದೋಣಿಯ ಚಿತ್ರ ಬಂದಾಗ, ಅಂಥದ್ದೇ ಹಳೆಯ ಚಿತ್ರವೊಂದನ್ನು ಟೈಲರಕ್ಕ ಪತ್ತೆಹಚ್ಚಿ ನೇರವಾಗಿ ಮುಖ್ಯಸ್ಥರ ಮೇಜಿನ ಮೇಲಿಟ್ಟರು. ಆ ಹಳೆಯ ಚಿತ್ರವನ್ನೂ ಬರೆದದ್ದು ಅದೇ ಕಲಾವಿದರು, ಬೇರೊಂದು ಹೆಸರಿನಲ್ಲಿ. ಸತ್ಯ ತಿಳಿಯುವಷ್ಟರಲ್ಲಿ ನಾಲ್ಕು ಜನರ ಮುಂದೆ ಕಳ್ಳನೆನಿಸಿಕೊಂಡ ಮನುಷ್ಯ ಕೆಲಸ ಬಿಟ್ಟು ಹೋಗಿಯಾಗಿತ್ತು. ಇದನ್ನು ಹೇಳುವಾಗ ಟೈಲರಕ್ಕ ಕನ್ನಡಿಯನ್ನು ಮಗುಚಿ ಇಡುತ್ತಾರೆ. “ನಾನು ಅವರನ್ನ ಒಂದು ಮಾತು ಕೇಳ್ಲಿಲ್ಲ” ಎನ್ನುತ್ತಾರೆ.

ಅಂದಿನಿಂದ ಅನುಮಾನ ಬಂದರೆ ಮೊದಲು ಕಲಾವಿದರ ಬಳಿಗೇ ಹೋಗಿ, ಕೆಟ್ಟುಹೋದ ಚಿತ್ರಗಳನ್ನು ತೋರಿಸಿ ಎನ್ನುತ್ತಾರೆ. ಸ್ವಂತವಾಗಿ ಬರೆದವರ ಹತ್ತಿರ ಅಳಿಸಿದ್ದು, ಹರಿದದ್ದು ಹತ್ತಾದರೂ ಇರುತ್ತದೆ. ಕದ್ದವರ ಹತ್ತಿರ ಇರುವುದು ಚೊಕ್ಕವಾದ ಒಂದೇ ಚಿತ್ರ.

ಈ ವರ್ಷ ಅಂಥದ್ದೇ ಪರೀಕ್ಷೆ ಎದುರಾಯಿತು. ಆಟ ಬಿಡುಗಡೆಗೆ ಒಂಬತ್ತೇ ದಿನ. ಎಲ್ಲರೂ ಹೊಗಳಿದ ಹೊಲಿಗೆ ಅಂಗಡಿಯ ಚಿತ್ರದಲ್ಲಿ ಮಷಿನ್ನಿನ ಕೈಚಕ್ರ ಎಡಗಡೆ ಇತ್ತು. ಮಷಿನ್ ಮುಂದೆ ಕೂತವರಿಗೆಲ್ಲ ಗೊತ್ತು, ಅದು ಇರುವುದು ಬಲಕ್ಕೆ. ಕನ್ನಡಿಯಲ್ಲಿ ನೋಡಿದರೆ ಎಲ್ಲವೂ ಸರಿಯಾಗಿತ್ತು. ಬರೆದಾಕೆಯ ಬಳಿ ಕೆಟ್ಟ ಚಿತ್ರ ಒಂದೂ ಇರಲಿಲ್ಲ. ಮಗುವಿಗೆ ಹುಷಾರಿರಲಿಲ್ಲ, ಗಡುವು ತಲೆಯ ಮೇಲಿತ್ತು ಎಂದು ಆಕೆ ಕಣ್ಣೊರೆಸಿಕೊಂಡರು. ಅಕ್ಕ ದೂರು ಕೊಟ್ಟರೆ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಎಲ್ಲಿಯೋ ಇರುವ ಒಬ್ಬರ ಶ್ರಮ ಹೋಗುತ್ತದೆ.

“ನಾನು ಹೇಳಲ್ಲ, ನೀವೇ ಹೇಳಿ. ನಾನು ಪಕ್ಕದಲ್ಲಿ ನಿಂತಿರ್ತೀನಿ” ಅಂದರಂತೆ ಟೈಲರಕ್ಕ.

ಕಲಾವಿದೆ ಹೋಗಿ ಒಪ್ಪಿಕೊಂಡಾಗ ಮುಖ್ಯಸ್ಥರು ಕೆಂಡವಾದರು. ಈ ಮೂಲೆಯ ಅಂಗಡಿಯನ್ನು ಯಾರು ಗಮನಿಸುತ್ತಾರೆ, ಹಾಗೇ ಹೋಗಲಿ ಎಂದರು.

“ನಿಜವಾಗಿ ಬರೆದವರಿಗೆ ಗೊತ್ತಾಗುತ್ತೆ ಸರ್” ಎಂದರು ಟೈಲರಕ್ಕ.

ಕೊನೆಗೆ ಮುಖ್ಯಸ್ಥರು ಹೊಸದಾಗಿ ಬರೆಯಲು ಐದು ದಿನ ಕೊಟ್ಟರು. ಕಲಾವಿದೆ ಟೈಲರಕ್ಕನ ಮನೆಗೇ ಬಂದು, ಅವರ ಹಳೆಯ ಮಷಿನ್ ಮುಂದೆ ಕೂತು, ನಲವತ್ತು ಚಿತ್ರ ಕೆಡಿಸಿ ಒಂದನ್ನು ಗೆದ್ದರು. ಇಂದು ಆ ಆಟ ಆಡುವವರೆಲ್ಲ ದಾಟಿಹೋಗುವುದು ಅದೇ ಮಷಿನ್ನನ್ನು, ಅದರ ಮುಕ್ಕಾದ ಹಲಗೆಯ ಸಮೇತ. ಆಟದ ಕೊನೆಯಲ್ಲಿ ಓಡುವ ಇನ್ನೂರ ಹದಿನಾಲ್ಕು ಹೆಸರುಗಳಲ್ಲಿ ಟೈಲರಕ್ಕನದ್ದಿಲ್ಲ. ಅದನ್ನು ಕೇಳಿದರೆ ಅವರು ನಗುತ್ತಾರೆ.

ಅವರ ಆಸೆಯೇ ಬೇರೆ. ಪರದೆಯ ಮೇಲಿನ ಅಂಗಡಿಯಲ್ಲಿ, ಮಷಿನ್ನಿನ ಮೇಲಿನ ಗೋಡೆಯಲ್ಲಿ ಒಂದು ಬರಿಯ ಮೊಳೆಯಿದೆ. ಅಲ್ಲಿ ಆ ದೋಣಿಯ ಚಿತ್ರವನ್ನು ತೂಗುಹಾಕಬಹುದೇ ಎಂದು, ಕೆಲಸ ಬಿಟ್ಟುಹೋದ ಕಲಾವಿದರಿಗೆ ಟೈಲರಕ್ಕ ಕೈಯಾರೆ ಕಾಗದ ಬರೆದಿದ್ದಾರೆ. ಕ್ಷಮೆಯನ್ನೂ ಕೇಳಿದ್ದಾರೆ. ಉತ್ತರ ಇನ್ನೂ ಬಂದಿಲ್ಲ. ಖಾಲಿ ಮೊಳೆ ಚೆನ್ನಾಗಿ ಕಾಣುವುದಿಲ್ಲ, ಬೇರೇನಾದರೂ ಹಾಕೋಣ ಎಂದು ಮುಖ್ಯಸ್ಥರು ಎರಡು ಸಲ ಹೇಳಿದ್ದಾರೆ.

“ಬೇಡ ಅಂದೆ” ಎನ್ನುತ್ತಾ ಟೈಲರಕ್ಕ ಕನ್ನಡಿ ಒರೆಸಿ ಮತ್ತೆ ಕೈಗೆತ್ತಿಕೊಳ್ಳುತ್ತಾರೆ. “ಈ ಸಲ ಕೇಳಿದೀನಿ. ಅವರು ಹೂಂ ಅನ್ನೋವರೆಗೂ ಮೊಳೆ ಹಾಗೇ ಇರ್ಲಿ.”