ಗಿಂಕೋ ಎಲೆಯ ಬನ್ನಿ

ಗಿಂಕೋ ಮರದ ಹಣ್ಣು ನೆಲಕ್ಕೆ ಬಿದ್ದು ಕೊಳೆತಾಗ ಒಂದು ವಾಸನೆ ಬರುತ್ತದೆ. ಮುಗ್ಗಿದ ಬೆಣ್ಣೆಯನ್ನು ಕಾಯಿಸಲಿಟ್ಟು ಮರೆತ ಅಡುಗೆಮನೆಯ ವಾಸನೆ. ಅಕ್ಟೋಬರ್ ಕೊನೆಗೆ ಜರ್ಮನಿಯ ಬಾನ್ ನಗರದ ಆ ಉದ್ಯಾನದ ಬೇಲಿಯ ಬಳಿ ಜನ ಮೂಗು ಮುಚ್ಚಿಕೊಂಡು ಬಿರಬಿರನೆ ದಾಟುತ್ತಾರೆ. ನನಗೆ ಮಾತ್ರ ಅಲ್ಲಿ ಕಾಲು ನಿಧಾನವಾಗುತ್ತದೆ. ತಲೆಯ ಮೇಲೆ ಇಡೀ ಮರ ಅರಿಸಿನ ಬಳಿದುಕೊಂಡು ನಿಂತಿರುತ್ತದೆ, ಕಾಲ ಕೆಳಗೆ ಈ ನಾತ. ನಾವಿದ್ದ ಮನೆ ಉದ್ಯಾನದ ಎದುರು ಬೀದಿಯಲ್ಲಿತ್ತು. ಈಗ ಅದಿಲ್ಲ, ಆ ಜಾಗದಲ್ಲಿ ಗಾಜಿನ ಬಾಲ್ಕನಿಗಳ ಕಟ್ಟಡವಿದೆ. ನೆಲಮಹಡಿಯ ಎರಡು ಕೋಣೆ, ಕಲ್ಲಿದ್ದಲಿನ ಒಲೆ, ಒಗ್ಗರಣೆ ಹಾಕುವಾಗ ಅಮ್ಮ ಹೆದರಿ ತೆರೆದಿಡುತ್ತಿದ್ದ ಕಿಟಕಿ, ಫ್ರಿಜ್ಜಿನ ಮೇಲೆ ಅಜ್ಜಿ ಹಚ್ಚಿಡುತ್ತಿದ್ದ ಹಿತ್ತಾಳೆ ದೀಪ, ಎಲ್ಲವೂ ಹೋದವು. ನಿಮಗೂ ಹೀಗೆ ಕೆಡವಿದ ಮನೆಯೊಂದಿದ್ದರೆ ಗೊತ್ತಿರುತ್ತದೆ, ಗೋಡೆ ಹೋದರೂ ಅದರೊಳಗೆ ಆಡಿದ ಮಾತು ಹೋಗುವುದಿಲ್ಲ.

ಅಜ್ಜಿ ಎಂದರೆ ಅಪ್ಪನ ತಾಯಿ. ಅರವತ್ತರ ದಶಕದ ನಡುವೆ ಒಮ್ಮೆ ಧಾರವಾಡದಿಂದ ಬಂದು ಕೆಲವು ತಿಂಗಳು ನಮ್ಮೊಡನಿದ್ದಳು. ಒಂಬತ್ತು ಗಜದ ಸೀರೆಯ ಮೇಲೆ ಅಪ್ಪನ ಹಳೆಯ ಓವರ್‌ಕೋಟು, ಕಾಲಿಗೆ ಉಣ್ಣೆಯ ಕಾಲುಚೀಲ, ತಲೆಗೆ ಶಾಲು. ಹೀಗೆ ಸಜ್ಜಾಗಿ ಅವಳು ಬೀದಿಗಿಳಿದರೆ ಟ್ರಾಮಿನೊಳಗಿನ ಜನವೂ ಕತ್ತು ತಿರುಗಿಸುತ್ತಿದ್ದರು. ಅವಳು ಅವರಿಗೆಲ್ಲ ಕೈ ಮುಗಿಯುತ್ತಿದ್ದಳು. ಪಕ್ಕದಲ್ಲಿದ್ದ ನಾನು ನೆಲ ನೋಡುತ್ತಿದ್ದೆ. ನಾನಾಗ ಮೂರನೆಯ ತರಗತಿ. ನನ್ನ ಜರ್ಮನ್ ನನ್ನ ಕನ್ನಡವನ್ನು ಹಿಂದೆ ಹಾಕಿತ್ತು, ಜಂಬವೂ ಅಷ್ಟೇ ಬೆಳೆದಿತ್ತು. ಅಜ್ಜಿಗೆ ಊರೆಲ್ಲ ಏನು ಹೇಳುತ್ತದೆಂದು ತಿಳಿಸುವ ಕೆಲಸ ನನ್ನದೇ. ಯಾರಾದರೂ ಬಾಯಿ ತೆರೆದರೆ ಸಾಕು, ನನ್ನ ಕಡೆ ತಿರುಗಿ "ಏನಂದ್ರು?" ಎನ್ನುವಳು.

ಅಪ್ಪ ಕೆಲಸ ಮಾಡುತ್ತಿದ್ದ ಸಂಶೋಧನಾ ಸಂಸ್ಥೆಯಲ್ಲಿ ಟೋಕಿಯೋದವನೊಬ್ಬನಿದ್ದ. ಗಿಂಕೋ ಹಳದಿಯಾಗುವ ವಾರದಲ್ಲಿ ತನ್ನೂರಿನ ಜನ ಆಫೀಸಿನ ಗಡಿಬಿಡಿಯಲ್ಲೂ ಬುತ್ತಿ ಕಟ್ಟಿಕೊಂಡು ಮರದ ಕೆಳಗೆ ಕೂತು ಬರುತ್ತಾರೆ ಎಂದು ಅವನು ಹೇಳಿದ್ದನಂತೆ. ಅಪ್ಪನಿಗೆ ಅದು ತಲೆಗೆ ಹೊಕ್ಕಿತು. ಒಂದು ಭಾನುವಾರ ನಾವೂ ಹೊರಟೆವು. ಜರ್ಮನರು ಹ್ಯಾಟು ಹಾಕಿ, ಮಿಂಚುವ ಬೂಟು ತೊಟ್ಟು, ಸದ್ದಿಲ್ಲದೆ ಎಲೆ ನೋಡುತ್ತ ನಡೆಯುತ್ತಿದ್ದ ಜಾಗದಲ್ಲಿ ನಾವು ಹಾಸಿಗೆಯ ಚಾದರ ಹಾಸಿ, ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ ಬಿಚ್ಚಿ ಕೂತೆವು. ದಾಟಿದವರಿಗೆಲ್ಲ ಅಪ್ಪ ಅರ್ಧ ಎದ್ದು "ಗೂಟನ್ ಟಾಗ್" ಹೇಳುತ್ತಿದ್ದ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ. ನನ್ನ ತರಗತಿಯವರು ಯಾರೂ ಬಾರದಿರಲಿ ಎಂದು ನಾನು ಬೆನ್ನು ತಿರುಗಿಸಿಕೊಂಡು ತಿಂದೆ. ಅಜ್ಜಿಗೆ ಯಾವ ಎಗ್ಗೂ ಇರಲಿಲ್ಲ. ಗಾಳಿ ಬೀಸಿ ಎಲೆಗಳು ಸುರಿದಾಗ ಸೆರಗೊಡ್ಡಿ ಹಿಡಿದಳು. "ಬಂಗಾರ ಸುರೀಲಿಕ್ಕೆ ಹತ್ಯದ, ಇವರು ತುಳಕೋತ ಹೊಂಟಾರಲ್ಲೋ!" ಎಂದು ಉಡಿ ತುಂಬ ಎಲೆ ಆರಿಸಿಕೊಂಡು ಮನೆಗೆ ತಂದಳು. ಆ ವರ್ಷ ದಸರೆ ತಡವಾಗಿ ಬಂದಿತ್ತು, ಹಬ್ಬಕ್ಕೆ ಇನ್ನು ಕೆಲವೇ ದಿನವಿತ್ತು.

ಅದೇ ವಾರ ಮನೆಯ ಮುಂದಿನ ಕಾಲುದಾರಿ ಗುಡಿಸುವ ಪಾಳಿ ನಮ್ಮದು. ಮನೆಯ ಒಡತಿ ಫ್ರಾವ್ ಲಿಂಡ್ನರ್ ಮೇಲಿನ ಮಹಡಿಯಲ್ಲಿದ್ದಳು. ಗಂಡ ತೀರಿಕೊಂಡಿದ್ದ ಒಂಟಿ ಹೆಂಗಸು, ಮಾತು ಖಡಕ್ಕು. ಒದ್ದೆ ಎಲೆಯ ಮೇಲೆ ಯಾರಾದರೂ ಜಾರಿ ಬಿದ್ದರೆ ಹೊಣೆ ಅವಳದು. ಅಮ್ಮ ಆಸ್ಪತ್ರೆಯ ಪಾಳಿಗೆ ನಸುಕಿನಲ್ಲೇ ಹೊರಡುತ್ತಿದ್ದಳು, ಅಪ್ಪ ಬರುವಷ್ಟರಲ್ಲಿ ಕತ್ತಲು, ಅಜ್ಜಿ ಬೀದಿ ಗುಡಿಸುವುದು ಅವನಿಗೆ ಒಪ್ಪಿಗೆಯಿಲ್ಲ. ಬಂದವನೇ ಪೊರಕೆ ಹಿಡಿದರೆ ಅಜ್ಜಿ ಬಾಗಿಲಿಗೆ ಅಡ್ಡ ನಿಲ್ಲುವಳು.

"ದೀಪಾ ಹಚ್ಚಿದ ಮ್ಯಾಲೆ ಕಸಾ ಹೊಡೀತಾರೇನೋ? ಲಕ್ಷ್ಮಿ ಹೊಂಟು ಹೋಗ್ತಾಳ."

"ಅವ್ವಾ, ಇದು ಜರ್ಮನಿ ಅದ."

"ಇರವಲ್ದ್ಯಾಕ. ಲಕ್ಷ್ಮೀಗೆ ಎಲ್ಲಾ ಊರೂ ಒಂದ."

ಅಪ್ಪ ಪೊರಕೆ ಗೋಡೆಗೆ ಒರಗಿಸುವನು. ಮೂರು ಸಂಜೆ ಹೀಗೇ ಆಯಿತು. ಕಾಲುದಾರಿಯ ಮೇಲೆ ಎಲೆ ಮೆತ್ತೆಯಾಯಿತು. ಕೊನೆಗೆ ಫ್ರಾವ್ ಲಿಂಡ್ನರ್ ತಾನೇ ಕಾಲು ಜಾರಿ ಗೇಟು ಹಿಡಿದು ಉಳಿದುಕೊಂಡಳು. ಮೆಟ್ಟಿಲ ಮೇಲೆ ಅಪ್ಪನನ್ನು ನಿಲ್ಲಿಸಿ, ಮನೆಯ ನಿಯಮ ಪಾಲಿಸಲಾಗದವರು ಬೇರೆ ಮನೆ ನೋಡಿಕೊಳ್ಳಬಹುದು ಎಂದಳು. ವಿದೇಶಿಯರಿಗೆ ಮನೆ ಕೊಡುವವರೇ ಇಲ್ಲದ ಕಾಲ. ಬಾಗಿಲು ಬಾಗಿಲಿಗೆ ಅಲೆದು ಸಿಕ್ಕಿದ್ದ ಮನೆ ಅದು. ಆ ರಾತ್ರಿ ಅಪ್ಪ ಊಟ ಬಿಟ್ಟ. ಅಜ್ಜಿ ನನ್ನಿಂದ ಸಂಗತಿ ತಿಳಿದುಕೊಂಡು, "ನಾಳೆ ದಸರಾ, ಬನ್ನಿ ಕೊಟ್ಟು ಬರ್ತೀನಿ. ಎಂಥಾ ಸಿಟ್ಟಿದ್ರೂ ಬನ್ನಿ ಕೊಟ್ಟಮ್ಯಾಲೆ ಉಳಿಯೂದಿಲ್ಲ," ಎಂದಳು. ಅವಳ ಊರಿನಲ್ಲಿ ಅದು ನಿಜ. ದಸರೆಯ ಸಂಜೆ ಬನ್ನಿಯ ಎಲೆಯನ್ನು ಬಂಗಾರವೆಂದು ಕೈಗಿಟ್ಟರೆ, ಹೊಲದ ಬದುವಿಗಾಗಿ ಕೋರ್ಟು ಹತ್ತಿದವರೂ ಮಾತಾಡಬೇಕು.

ಮರುದಿನ ಸಂಜೆ ಅವಳು ಇಳಕಲ್ ಸೀರೆಯುಟ್ಟು, ಗಿಂಕೋ ಎಲೆಗಳನ್ನು ತೊಳೆದು ತಾಟಿನಲ್ಲಿ ಹರಡಿಕೊಂಡು, ನನ್ನ ಕೈ ಹಿಡಿದು ಮೇಲಕ್ಕೆ ಹತ್ತಿದಳು. ಬಾಗಿಲು ತೆರೆದ ಫ್ರಾವ್ ಲಿಂಡ್ನರಳ ಎರಡೂ ಕೈಗೆ ಎಲೆ ತುಂಬಿ, "ಬನ್ನಿ ತಗೊಂಡು ಬಂಗಾರದಂಗ ಇರೋಣು ತಂಗೀ," ಎಂದಳು. ಅದನ್ನು ಜರ್ಮನ್‌ನಲ್ಲಿ ಹೇಗೆ ಹೇಳುವುದೋ ನನಗೆ ತಿಳಿಯಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತ, "ಎಲೆ ತಂದಿದ್ದೇವೆ" ಎಂದಷ್ಟೇ ಉಸುರಿದೆ. ಆ ಹೆಂಗಸಿನ ಮುಖ ಕೆಂಪೇರಿತು. ಗುಡಿಸಿ ಎಂದದ್ದಕ್ಕೆ ಎಲೆ ತಂದು ತನ್ನ ಕೈಗೇ ಸುರಿದರೆ ಯಾರು ತಾನೇ ಸುಮ್ಮನಿದ್ದಾರು? ಅವಳ ಕೂಗು ಕೇಳಿ, ಆಗಷ್ಟೇ ಬಂದಿದ್ದ ಅಪ್ಪ ಮೆಟ್ಟಿಲು ಹಾರಿ ಬಂದ. ಹ್ಯಾಟು ತೆಗೆದ. ಅಜ್ಜಿಯನ್ನು ನೋಡಲಿಲ್ಲ.

"ಕ್ಷಮಿಸಬೇಕು," ಎಂದ ಜರ್ಮನ್‌ನಲ್ಲಿ, ಮೆಲ್ಲಗೆ. "ನನ್ನ ತಾಯಿಗೆ ತಲೆ ಸರಿಯಿಲ್ಲ. ತಾನೇನು ಮಾಡುತ್ತಿದ್ದೇನೆಂಬ ಅರಿವು ಅವಳಿಗಿಲ್ಲ."

ಫ್ರಾವ್ ಲಿಂಡ್ನರಳ ಕೋಪ ಉಕ್ಕಿದ ಹಾಲು ಇಳಿದಂತೆ ಇಳಿಯಿತು. ಕಣ್ಣಲ್ಲಿ ನೀರೇ ಬಂತು. ಎಲೆ ಹಿಡಿದ ಕೈಯಲ್ಲೇ ಅಜ್ಜಿಯ ಕೆನ್ನೆ ಮುಟ್ಟಿದಳು. ಅಜ್ಜಿ ಹಿಗ್ಗಿ ನನ್ನ ಕಡೆ ತಿರುಗಿದಳು.

"ಏನಂದ ನಿಮ್ಮಪ್ಪ?"

"ಇದು ಬಂಗಾರ ಅಂತ ತಿಳಿಸಿ ಹೇಳಿದ," ಎಂದೆ.

"ನೋಡು, ಎಷ್ಟು ಚಂದ ಹೇಳ್ಯಾನ. ಆಕೀ ಕಣ್ಣಾಗ ನೀರ ಬಂತು."

ನಾನು ಹೇಳಿದ್ದೂ ಅಜ್ಜಿ ಹೇಳಿದ್ದೂ ಅಪ್ಪನ ಕಿವಿಗೆ ಬಿದ್ದೇ ಬಿತ್ತು. ಅವನು ಮೆಟ್ಟಿಲಿಳಿದು ಹೋದ. ಅಂದು ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಇಷ್ಟು ವರ್ಷಗಳ ಮೇಲೂ ಆ ಮೆಟ್ಟಿಲು ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ.

ಮನೆ ಉಳಿಯಿತು. ಅಂದಿನಿಂದ ಫ್ರಾವ್ ಲಿಂಡ್ನರ್ ಅಜ್ಜಿಯ ಜೊತೆ ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ ಆಡತೊಡಗಿದಳು. ಕೋಟಿನ ಗುಂಡಿ ಹಾಕಿ ಕಳಿಸುವಳು, ಆಪಲ್ ಕೇಕು ತಂದು ತುಟಿಯ ಅಂಚು ಒರೆಸುವಳು, ರಸ್ತೆ ದಾಟಿಸುವಳು. ಹುಚ್ಚಿಗೆ ತೋರುವ ಕರುಣೆ ಅದು. ಅಜ್ಜಿಗೆ ಅದು ಬನ್ನಿ ತಂದುಕೊಟ್ಟ ಅಕ್ಕರೆ. "ಒಡಹುಟ್ಟಿದಾಕಿಗಿಂತ ಹೆಚ್ಚು ಮಾಡ್ತಾಳ," ಎಂದು ಧಾರವಾಡಕ್ಕೆ ನನ್ನ ಕೈಯಲ್ಲಿ ಬರೆಸಿದಳು. ಅವರಿಬ್ಬರೂ ತೋಳು ಹಿಡಿದು ಗಿಂಕೋ ಸಾಲಿನ ಕೆಳಗೆ ಸುತ್ತಿ ಬರುವುದನ್ನು ಅಪ್ಪ ಕಿಟಕಿಯಿಂದ ನೋಡಿ ಪರದೆ ಎಳೆಯುತ್ತಿದ್ದ. ನಿಜ ಹೇಳೋಣವೆಂದರೆ ಇಬ್ಬರಲ್ಲಿ ಯಾರಿಗೆ, ಹೇಗೆ ಹೇಳಬೇಕಿತ್ತು?

ಅಜ್ಜಿಯನ್ನು ನಾವು ಕೊನೆಯದಾಗಿ ನೋಡಿದ್ದು ಫ್ರಾಂಕ್‌ಫರ್ಟಿನ ವಿಮಾನ ನಿಲ್ದಾಣದಲ್ಲಿ. ಎರಡು ವರ್ಷಕ್ಕೆ ಅವಳು ತೀರಿಕೊಂಡ ತಂತಿ ಬಂತು, ಅಪ್ಪ ಹೋಗುವುದಾಗಲಿಲ್ಲ. ಆ ದಿನ ನಿಲ್ದಾಣದಲ್ಲಿ ಜನವೋ ಜನ. ನಾಲ್ಕು ಜನರ ಮುಂದೆ ಕೈ ಮುಗಿಯಲೂ ಸಂಕೋಚಪಡುವ ಅಪ್ಪ, ಪೆಟ್ಟಿಗೆ ಕೆಳಗಿಟ್ಟು, ಕೋಟು ಸಮೇತ ಅಜ್ಜಿಯ ಪಾದಕ್ಕೆ ಹಣೆ ಹಚ್ಚಿದ. ಹಚ್ಚಿದವನು ಏಳಲಿಲ್ಲ. ಜನ ನಿಂತು ನೋಡಿದರು. ಅಜ್ಜಿ ಅವನ ತಲೆ ನೇವರಿಸಿ, "ಏಳೋ, ಎಲ್ಲಾರೂ ನೋಡ್ಲಿಕತ್ತಾರ," ಎಂದಳು. ಅಪ್ಪ ಅಲ್ಲಿಂದಲೇ ಏನೋ ಅಂದ. "ತಪ್ಪಾತವ್ವಾ" ಎಂದದ್ದು ನನಗೆ ಕೇಳಿಸಿತು.

ಅಜ್ಜಿ ಎಂದಿನಂತೆ ನನ್ನ ಕಡೆ ತಿರುಗಿ, "ಏನಂದ?" ಎಂದಳು.

ಅಪ್ಪ ಹೇಳಿದ್ದು ಕನ್ನಡದಲ್ಲೇ. ನನಗೆ ಅದನ್ನು ಹೇಳಲು ಯಾವ ಭಾಷೆಯೂ ಇರಲಿಲ್ಲ.