ಊರಿದ ಕಾಲು

ನನ್ನನ್ನು ಗೋಲಿಗೆ ನಿಲ್ಲಿಸಿದ್ದು ಆಟ ಬರುತ್ತಿತ್ತು ಅಂತ ಅಲ್ಲ, ಕೈ ಉದ್ದ ಇತ್ತು ಅಂತ. ಎಪ್ಪತ್ತರ ದಶಕದ ಕೊನೆಯ ಮಾತು. ಹೊಸನಗರದಲ್ಲಿ ನಾನು ಒಂಬತ್ತನೇ ಕ್ಲಾಸಿಗೆ ಬಂದಾಗ ಹೈಸ್ಕೂಲ್ ಫುಟ್‌ಬಾಲ್ ಟೀಮಿನ ಹಳೆಯ ಗೋಲ್‌ಕೀಪರ್ ಓದು ಬಿಟ್ಟು ಸಾಗರದ ಯಾವುದೋ ಗ್ಯಾರೇಜು ಸೇರಿಕೊಂಡಿದ್ದ. ಬೆಳಗಿನ ಪ್ರಾರ್ಥನೆಯ ಸಾಲುಗಳ ನಡುವೆ ನಡೆದುಕೊಂಡು ಬಂದ ಡ್ರಿಲ್ ಮೇಷ್ಟ್ರು ನನ್ನ ಮುಂದೆ ನಿಂತರು.

“ಕೈ ಎತ್ತು.”

ಎತ್ತಿದೆ. ಕೆಳಗಿಂದ ಮೇಲಿನವರೆಗೆ ನೋಡಿದರು.

“ಸಂಜೆ ಫೀಲ್ಡಿಗೆ ಬಾ.”

ಅವರು ಮಿಲಿಟರಿಯಲ್ಲಿದ್ದು ಬಂದವರು. ಕೈಯಲ್ಲಿ ಸದಾ ಒಂದು ಬೆತ್ತ. ಓಡುವುದು ನಿಧಾನವಾದರೆ ಮೀನಖಂಡಕ್ಕೆ, ಪಾಸು ತಪ್ಪಿದರೆ ತೊಡೆಗೆ, ಎದುರು ಮಾತಾಡಿದರೆ ಎಲ್ಲಿಗೆ ಬೇಕಾದರೂ ಬೀಳುತ್ತಿತ್ತು. ಮಳೆಗಾಲದಲ್ಲಿ ನಮ್ಮ ಚರ್ಮದ ಚೆಂಡು ನೀರು ಕುಡಿದು ಕಲ್ಲಿನ ಹಾಗೆ ಆಗುತ್ತಿತ್ತು. ಮೊದಲ ಸಂಜೆ ಅಂಥ ಚೆಂಡನ್ನು ಒಬ್ಬ ದೊಡ್ಡ ಹುಡುಗ ಹತ್ತಿರದಿಂದ ಒದ್ದ. ನಾನು ಕಣ್ಣು ಮುಚ್ಚಿ ಮುಖ ತಿರುಗಿಸಿದೆ. ಅದು ಕಿವಿಗೆ ಬಡಿದು, ತಲೆಯೊಳಗೆ ಯಾರೋ ಜಾಗಟೆ ಹೊಡೆದ ಹಾಗಾಯಿತು. ಬಿದ್ದಲ್ಲಿಂದ ಏಳುವ ಮೊದಲೇ ಕಾಲಿಗೆ ಬೆತ್ತ ಬಿತ್ತು.

“ಕಣ್ಣು ಮುಚ್ಚಿದ್ರೆ ಚೆಂಡು ಮಾಯ ಆಗತ್ತೇನೋ?”

ಮಾಯ ಆಗುವುದಿಲ್ಲ ಅಂತ ನನಗೆ ಅವರಿಗಿಂತ ಚೆನ್ನಾಗಿ ಗೊತ್ತಿತ್ತು. ನಮ್ಮ ಅಪ್ಪಯ್ಯ ಸೌದೆ ಲಾರಿಯ ಡ್ರೈವರ್. ಹುಲಿಕಲ್ ಘಾಟಿ ಇಳಿದು ಕರಾವಳಿಯ ಹೆಂಚಿನ ಕಾರ್ಖಾನೆಗಳಿಗೆ ಸೌದೆ ಹಾಕಿ ಬರುತ್ತಿದ್ದರು. ಘಾಟಿ ಹತ್ತಿ ವಾಪಸ್ಸು ಬರುವಾಗ ಕುಡಿದಿರುತ್ತಿದ್ದರು. ಸಾಮಿಲ್ಲಿನ ಹಿಂದಿನ ನಮ್ಮ ಬಾಡಿಗೆ ಮನೆಯಲ್ಲಿ ಅವರ ಕೈ ಮೇಲೆದ್ದಾಗೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ. ನಡೆಯಲು ಕಲಿತ ಹಾಗೇ ಅದನ್ನೂ ಕಲಿತಿದ್ದೆ. ಬೀಳುವ ಏಟು ಬಿದ್ದೇ ಬೀಳುತ್ತಿತ್ತು. ಎಲ್ಲಿಂದ ಬಂತು ಅಂತ ಮಾತ್ರ ಗೊತ್ತಾಗುತ್ತಿರಲಿಲ್ಲ.

ಮೇಷ್ಟ್ರು ಇದಕ್ಕೆ ಮಾಡಿದ ಔಷಧಿ ಕ್ರೂರವಾಗಿತ್ತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಲಿನ ನಡುವೆ ನಿಲ್ಲುವಂತೆ ಹೇಳಿ ತಾವೇ ಚೆಂಡು ಒದೆಯತೊಡಗಿದರು. ತಲೆ ತಿರುಗಿಸಿದರೆ ಬೆತ್ತ. ಎದೆಗೆ ಬಿತ್ತು, ಹೊಟ್ಟೆಗೆ ಬಿತ್ತು. ಆಮೇಲೆ ಒಂದು ನೇರವಾಗಿ ಮೂಗಿಗೆ ಬಿತ್ತು. ರಕ್ತ ಬಾಯಿಗೆ ಇಳಿಯಿತು. ಟೀಮಿನ ಹುಡುಗರು ನಗುವುದನ್ನು ನಿಲ್ಲಿಸಿದರು.

ಮರುದಿನ ಸಂಜೆ ಅಮ್ಮ ಫೀಲ್ಡಿಗೇ ಬಂದಳು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದವಳು, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡೇ ಬಂದಿದ್ದಳು. ಎಲ್ಲ ಹುಡುಗರ ಎದುರಿಗೆ ಮೇಷ್ಟ್ರ ಮುಂದೆ ಹೋಗಿ ನಿಂತಳು.

“ಇವನಿಗೆ ಹೊಡೆಯಕ್ಕೆ ಮನೇಲಿ ಒಬ್ರು ಇದಾರೆ ಸಾರ್. ನೀವೂ ಶುರು ಮಾಡ್ಬೇಡಿ.”

ಅಮ್ಮ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಹೊರಟಳು. ದಾರಿಯಲ್ಲಿ, “ನಾಳೆಯಿಂದ ಹೋಗ್ಬೇಡ” ಅಂದಳು. ಮರುದಿನ ನಾನು ಹೋದೆ. ಯಾಕೆ ಹೋದೆ ಅಂತ ಈಗಲೂ ಪೂರ್ತಿ ಗೊತ್ತಿಲ್ಲ. ಮನೆಯ ಏಟಿನಿಂದ ತಪ್ಪಿಸಿಕೊಳ್ಳಲು ಜಾಗ ಇರಲಿಲ್ಲ. ಫೀಲ್ಡಿಗಾದರೆ ನಾನಾಗಿಯೇ ನಡೆದುಕೊಂಡು ಹೋಗಬಹುದಿತ್ತು, ಬೇಡವಾದರೆ ಬಿಡಬಹುದಿತ್ತು. ಆ ವ್ಯತ್ಯಾಸ ದೊಡ್ಡದು ಅನ್ನಿಸಿರಬೇಕು.

ಮೇಷ್ಟ್ರು ನನ್ನನ್ನು ಬದಿಗೆ ಕರೆದರು.

“ನಿಮ್ಮಪ್ಪ ಜೋರಾಗಿ ಹೊಡೀತಾರಾ?”

“ಹೂಂ ಸಾರ್.”

“ನೀನು ಚೆಂಡು ನೋಡ್ತಿದ್ದೀಯ. ಅದಕ್ಕೇ ಹೆದರಿಕೆ. ಚೆಂಡು ನೋಡ್ಬೇಡ, ಒದೆಯೋನ ಇನ್ನೊಂದು ಕಾಲು ನೋಡು. ನೆಲಕ್ಕೆ ಊರ್ತಾನಲ್ಲ, ಆ ಕಾಲು. ಅದರ ಬೆರಳು ಯಾವ ಕಡೆಗೋ ಚೆಂಡು ಆ ಕಡೆಗೆ. ಒದೆಯೋ ಮೊದಲೇ ಅದು ಹೇಳಿಬಿಡತ್ತೆ.”

ಅವತ್ತಿನಿಂದ ಬೆತ್ತ ನನ್ನ ಮೈಮೇಲೆ ಬೀಳಲಿಲ್ಲ. ಬೇರೆಯವರ ಮೇಲೆ ಬೀಳುವುದು ನಿಲ್ಲಲೂ ಇಲ್ಲ. ಮೇಗರವಳ್ಳಿ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗ ಎಲ್ಲರಿಗಿಂತ ಚೆನ್ನಾಗಿ ಓಡುತ್ತಿದ್ದ. ಬೆತ್ತಕ್ಕೆ ಹೆದರಿ ಟೀಮು ಬಿಟ್ಟ, ಆಮೇಲೆ ಸ್ಕೂಲನ್ನೇ ಬಿಟ್ಟ. ಹೊಡೆತದಿಂದ ಹುಡುಗರು ಗಟ್ಟಿಯಾಗುತ್ತಾರೆ ಅಂತ ಯಾರಾದರೂ ಹೇಳಿದರೆ ನನಗೆ ಅವನ ಮುಖವೇ ಕಣ್ಣ ಮುಂದೆ ಬರುತ್ತದೆ. ನಾನು ಗಟ್ಟಿಯಾಗಿದ್ದರೆ ಅದು ಊರಿದ ಕಾಲನ್ನು ನೋಡಲು ಕಲಿತದ್ದರಿಂದ. ಅದಕ್ಕೆ ಕಣ್ಣು ತೆರೆದಿರಲೇಬೇಕಿತ್ತು.

ಮುಂದಿನ ವರ್ಷ ಸಾಗರದಲ್ಲಿ ಹೈಸ್ಕೂಲ್ ಟೂರ್ನಮೆಂಟಿನ ಸೆಮಿಫೈನಲ್ಸ್. ಎದುರು ಅಲ್ಲಿಯದೇ ಒಂದು ಸ್ಕೂಲಿನ ಟೀಮು. ಅವರ ಸೆಂಟರ್ ಫಾರ್ವರ್ಡ್ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಹೊಡೆದು ಮೀಸೆ ಬಂದವನು. ನಮ್ಮಲ್ಲಿ ಅರ್ಧ ಜನ ಬರಿಗಾಲು, ಅವನ ಕಾಲಲ್ಲಿ ಬೂಟು. ಆಟ ಶುರುವಾದ ಸ್ವಲ್ಪ ಹೊತ್ತಿಗೇ ನಮಗೆ ಹೇಗೋ ಒಂದು ಗೋಲು ಸಿಕ್ಕಿತು. ಅಲ್ಲಿಂದ ಅದು ಆಟವಾಗಿ ಉಳಿಯಲಿಲ್ಲ.

ನಮ್ಮ ಬ್ಯಾಕ್, ಸಾಮಿಲ್ಲಿನಲ್ಲಿ ಮರ ಕೊಯ್ಯುವವರ ಮಗ, ನನ್ನ ಪಕ್ಕದ ಮನೆಯವನು. ಚೆಂಡಿಗೆಂದು ಅವನು ಕಾಲು ಚಾಚಿದಾಗ ಆ ಮೀಸೆಯವನು ಚೆಂಡು ಬಿಟ್ಟು ಕಾಲಿಗೇ ಒದ್ದ. ಒಣ ಕೊಂಬೆ ಮುರಿದಂಥ ಸದ್ದು ಗೋಲಿನಲ್ಲಿ ನಿಂತಿದ್ದ ನನಗೂ ಕೇಳಿಸಿತು. ಮೊಣಕಾಲಿನ ಕೆಳಗೆ, ಬಾಗಬಾರದ ಕಡೆಯಲ್ಲಿ ಕಾಲು ಬಾಗಿತ್ತು. ಅವನು ಕೂಗಲಿಲ್ಲ, ಮಣ್ಣು ಕಚ್ಚಿಕೊಂಡು ಮಲಗಿದ್ದ. ಬೆಂಚೊಂದರ ಮೇಲೆ ಮಲಗಿಸಿ ಆಸ್ಪತ್ರೆಗೆ ಹೊತ್ತುಕೊಂಡು ಹೋದರು. ರೆಫರಿ ಫೌಲ್ ಅಷ್ಟೇ ಕೊಟ್ಟರು. ಬದಲಿಗೆ ಇಳಿಸಲು ನಮ್ಮಲ್ಲಿ ಹುಡುಗರಿರಲಿಲ್ಲ. ಒಬ್ಬ ಕಡಿಮೆಯಲ್ಲೇ ಆಡಿದೆವು.

ದ್ವಿತೀಯಾರ್ಧದಲ್ಲಿ ಮೀಸೆಯವನು ಚೆಂಡಿನೊಂದಿಗೆ ಒಬ್ಬನೇ ನನ್ನ ಕಡೆಗೆ ನುಗ್ಗಿಬಂದ. ತಡೆಯಲು ಬ್ಯಾಕ್ ಇರಲಿಲ್ಲ. ಕಣ್ಣು ತಾನಾಗಿಯೇ ಅವನ ಎಡಗಾಲಿಗೆ ಹೋಯಿತು. ಅದು ಕೆಸರಿನಲ್ಲಿ ಊರಿತು, ಬೆರಳು ನನ್ನ ಬಲಕ್ಕಿತ್ತು. ಅವನು ಒದೆಯುವ ಮೊದಲೇ ನಾನು ಆ ಕಡೆಗೆ ಹಾರಿ ಚೆಂಡಿನ ಮೇಲೆ ಬಿದ್ದೆ. ಚೆಂಡೂ ಬೂಟೂ ಒಟ್ಟಿಗೇ ಬಂದವು. ಬಾಯಿಯೊಳಗೆ ಏನೋ ಪಟ್ ಅಂದಿತು, ನಾಲಿಗೆಗೆ ಹಲ್ಲು ಸಿಕ್ಕಿತು, ಬಾಯಿ ತುಂಬ ಬಿಸಿ ರಕ್ತ. ಚೆಂಡು ಎದೆಯ ಕೆಳಗಿತ್ತು. ಅದನ್ನು ಬಿಡಿಸಲು ಅವನು ಪಕ್ಕೆಗೆ ಒದ್ದ, ಮತ್ತೆ ಒದ್ದ. ನಾನು ಮುದುಡಿಕೊಂಡು ಅಲ್ಲೇ ಬಿದ್ದಿದ್ದೆ.

ಅಷ್ಟರಲ್ಲಿ ನಮ್ಮವರು ಅವನ ಮೇಲೆ ಬಿದ್ದರು, ಅವನವರು ನಮ್ಮವರ ಮೇಲೆ. ನೋಡುತ್ತಿದ್ದ ಜನ ಗೆರೆ ದಾಟಿ ಒಳಗೆ ನುಗ್ಗಿದರು. ಮಡಚಿದ ಛತ್ರಿಗಳು ಬೆನ್ನ ಮೇಲೆ ಬೀಳುತ್ತಿದ್ದವು, ಯಾರೋ ಕಲ್ಲು ತೂರಿದರು. ನನ್ನ ಕೈಮೇಲೆ ಯಾರೋ ತುಳಿದುಕೊಂಡು ಹೋದರು. ಆಗ ನಮ್ಮ ಮೇಷ್ಟ್ರ ದನಿ ಕೇಳಿಸಿತು.

“ಕೈ ಇಳಿಸ್ರೋ! ಒಬ್ರೂ ಹೊಡೀಬಾರದು! ಹಿಂದೆ ಬನ್ನಿ!”

ಅವರ ಕೈಯಲ್ಲಿ ಬೆತ್ತ ಇರಲಿಲ್ಲ. ಎರಡೂ ತೋಳು ಅಗಲಿಸಿ ನಮ್ಮ ಹುಡುಗರನ್ನು ಹಿಂದಕ್ಕೆ ತಳ್ಳುತ್ತಿದ್ದರು. ಹಣೆಗೆ ಒಂದು ಕಲ್ಲು ಬಿದ್ದು ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ದಿನವೂ ನಮಗೆ ಹೊಡೆಯುತ್ತಿದ್ದ ಮನುಷ್ಯ ನಮಗೆ ಬೀಳುವ ಏಟುಗಳನ್ನು ತಿನ್ನುತ್ತಾ ನಿಂತಿದ್ದರು. ಹೇಗೋ ಜನ ಹೊರಗಾಗಿ, ಮೀಸೆಯವನನ್ನೂ ಹೊರಗೆ ಕಳಿಸಿ, ಆಟ ಮತ್ತೆ ನಡೆಯಿತು. ಮೇಷ್ಟ್ರು ತಮ್ಮ ಕರ್ಚೀಫನ್ನು ನನ್ನ ಬಾಯಿಗೆ ಒತ್ತಿ, “ನಿಲ್ತೀಯಾ?” ಅಂದರು. ತಲೆಯಾಡಿಸಿದೆ. ಆ ಒಂದೇ ಗೋಲಿನಲ್ಲಿ ನಾವು ಗೆದ್ದೆವು.

ಅದೇ ವಾರ, ಬಾಯಿಯ ಗಾಯ ಮಾಯುವ ಮೊದಲೇ, ಒಂದು ಸಂಜೆ ಅಪ್ಪಯ್ಯ ಬಂದರು. ಘಾಟಿಯಲ್ಲಿ ಲಾರಿ ಮೋರಿಗೆ ಇಳಿದು, ಓನರ್ ಎಲ್ಲರೆದುರು ಬೈದಿದ್ದನಂತೆ. ಅನ್ನ ಇನ್ನೂ ಆಗಿಲ್ಲ ಅನ್ನುವುದು ನೆಪ. ಅಮ್ಮನ ಜುಟ್ಟು ಹಿಡಿದು ಒಲೆಯ ಮುಂದಿನಿಂದ ಎಳೆದರು. ಇನ್ನೊಂದು ಕೈಯಲ್ಲಿ ಲಾರಿಯ ಕಬ್ಬಿಣದ ಸ್ಪ್ಯಾನರ್ ಇತ್ತು. ನಾನು ನಡುವೆ ಹೋಗಿ ನಿಂತೆ.

“ಸರಿಯೋ ಆಚೆ.”

“ಇಲ್ಲ ಅಪ್ಪಯ್ಯ.”

ಸ್ಪ್ಯಾನರ್ ಮೇಲೆದ್ದಿತು. ಅದನ್ನು ನಾನು ನೋಡಲಿಲ್ಲ. ಅವರ ಎಡಗಾಲು ಸಗಣಿ ಸಾರಿಸಿದ ನೆಲದ ಮೇಲೆ ಊರುವುದನ್ನು ನೋಡಿದೆ. ಏಟು ಎಲ್ಲಿಗೆ ಬರುತ್ತದೆ ಅಂತ ಸ್ಪಷ್ಟವಾಗಿ ಗೊತ್ತಾಯಿತು. ಮುಂದೆ ನುಗ್ಗಿ ಮಣಿಕಟ್ಟು ಹಿಡಿದೆ. ಅವರು ಅಮ್ಮನನ್ನು ಬಿಟ್ಟು ಎಡಗೈಯಿಂದ ನನ್ನ ಬಾಯಿಗೇ ಗುದ್ದಿದರು. ಹಲ್ಲು ಹೋದ ಜಾಗ ಮತ್ತೆ ಒಡೆಯಿತು. ಕಣ್ಣ ಮುಂದೆ ಬಿಳಿ ಬಿಳಿಯಾದರೂ ಮಣಿಕಟ್ಟು ಬಿಡಲಿಲ್ಲ, ರೆಪ್ಪೆ ಮುಚ್ಚಲಿಲ್ಲ. ಅವರ ಮುಖವನ್ನು ಅಂಥ ಹೊತ್ತಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಸಿಟ್ಟಿಗಿಂತ ಹೆಚ್ಚಾಗಿ ಹೆದರಿಕೆಯೇ ಇತ್ತು ಅದರಲ್ಲಿ.

ತಿರುಚಿದಾಗ ಸ್ಪ್ಯಾನರ್ ನನ್ನ ಕೈಗೆ ಬಂತು. ಆಗ ಅವರಿಗೆ ಹೊಡೆಯಬೇಕು ಅಂತ ಎಷ್ಟು ಅನ್ನಿಸಿತು ಅಂದರೆ ತೋಳು ಅರ್ಧ ಮೇಲೆದ್ದಿತ್ತು. ತಲೆ ಹತ್ತಿರದಲ್ಲೇ ಇತ್ತು. ಸಾಗರದ ಫೀಲ್ಡಿನಲ್ಲಿ ಕೇಳಿದ ಮೇಷ್ಟ್ರ ದನಿ ಕಿವಿಯಲ್ಲಿತ್ತು. ಸ್ಪ್ಯಾನರನ್ನು ಬಾಗಿಲಿನಿಂದ ಹೊರಗೆ ಎಸೆದೆ. ಅಂಗಳದ ಕಲ್ಲಿಗೆ ಬಡಿದು ಸದ್ದಾಯಿತು. ಅಪ್ಪಯ್ಯ ಹೊರಗೆ ಹೋಗಿ ಲಾರಿ ಹತ್ತಿ ಕುಳಿತರು. ಅಮ್ಮ ಕೂದಲು ಕಟ್ಟಿಕೊಂಡು ನನ್ನ ಬಾಯಿಗೆ ಉಪ್ಪುನೀರು ತಂದಳು.

ಅಲ್ಲಿಂದ ಮುಂದೆ ನಾನು ಮನೆಯಲ್ಲಿದ್ದಾಗ ಅವರು ಅಮ್ಮನ ಮೇಲೆ ಕೈ ಎತ್ತಲಿಲ್ಲ. ಇಲ್ಲದಾಗ ಎತ್ತಿದ್ದುಂಟು.

ಫೈನಲ್ಸ್ ತೀರ್ಥಹಳ್ಳಿಯಲ್ಲಿ. ಬ್ಯಾಕ್ ಆಸ್ಪತ್ರೆಯಲ್ಲಿದ್ದ, ನನ್ನ ಪಕ್ಕೆಗೆ ಪಟ್ಟಿ ಕಟ್ಟಿತ್ತು. ಮೊದಲ ಗೋಲು ಹೋಯಿತು, ಎರಡನೆಯದು ಹೋಯಿತು. ಆಗ ನೋಡಿದರೆ ಗೆರೆಯಾಚೆ ಅಪ್ಪಯ್ಯ ನಿಂತಿದ್ದಾರೆ. ಲಾರಿ ರಸ್ತೆ ಬದಿಗೆ ಹಾಕಿದ್ದರು. ಅವರು ಬರುತ್ತಾರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮೂರನೆಯ ಗೋಲು ನನ್ನ ಕಾಲುಗಳ ನಡುವೆಯೇ ನುಸುಳಿತು. ನನ್ನ ಹಿಂದೆ ನಿಂತಿದ್ದ ಒಬ್ಬ ಗಂಡಸು ನಕ್ಕು, ನನ್ನ ತಾಯಿಯ ಮೇಲೆ ಒಂದು ಕೆಟ್ಟ ಮಾತು ಆಡಿದ.

ಅಪ್ಪಯ್ಯ ಹೇಗೆ ಅಲ್ಲಿಗೆ ಬಂದರೋ. ಅವನ ಅಂಗಿಯ ಕಾಲರ್ ಹಿಡಿದು ಮುಖಕ್ಕೆ ಗುದ್ದತೊಡಗಿದರು. ಅವನು ಕೆಳಗೆ ಬಿದ್ದ, ಇವರು ಅವನ ಎದೆಯ ಮೇಲೆ ಕುಳಿತು ಗುದ್ದುತ್ತಲೇ ಇದ್ದರು. ಕುಡಿದಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಹೆದರಿಕೆಯಾಯಿತು. ನಾನು ಗೋಲು ಬಿಟ್ಟು ಓಡಿಹೋಗಿ ಹಿಂದಿನಿಂದ ಎರಡೂ ತೋಳುಗಳನ್ನು ಸೇರಿಸಿ ತಬ್ಬಿ ಹಿಡಿದೆ. ಬೆನ್ನು ಬಿಸಿಯಾಗಿತ್ತು, ಎಂಜಿನ್ ಎಣ್ಣೆ ವಾಸನೆ.

“ಸಾಕು ಅಪ್ಪಯ್ಯ.”

“ಅವ ಎಂತ ಹೇಳಿದ ಕೇಳಿದ್ಯಾ?”

“ಕೇಳಿದೆ. ಸಾಕು.”

ಕೊಸರಾಡಬಹುದು ಅಂದುಕೊಂಡಿದ್ದೆ, ಕೊಸರಾಡಲಿಲ್ಲ. ತೋಳು ಸಡಿಲ ಬಿಟ್ಟು ಎದ್ದರು. ಬೆರಳ ಗಂಟುಗಳ ಚರ್ಮ ಸುಲಿದಿತ್ತು. ಬಿದ್ದವನನ್ನು ಜನ ಎತ್ತಿ ಕೂರಿಸಿದರು. ರೆಫರಿ ಸೀಟಿ ಊದಿ ನನ್ನನ್ನು ಗೋಲಿಗೆ ಕಳಿಸಿದರು. ಇನ್ನೊಂದು ಹೋಗಲು ಬಿಡಲಿಲ್ಲ, ಆದರೆ ಸೋತಾಗಿತ್ತು.

ವಾಪಸ್ಸು ಬರುವಾಗ ಟೀಮಿನವರೊಂದಿಗೆ ಬಸ್ಸಿಗೆ ಹೋಗದೆ ನಾನು ಲಾರಿಯ ಕ್ಯಾಬಿನ್ನಿನಲ್ಲಿ ಅಪ್ಪಯ್ಯನ ಪಕ್ಕ ಕುಳಿತೆ. ಗೇರು ಬದಲಿಸುವಾಗ ಅವರ ಸುಲಿದ ಕೈಗೆ ನೋವಾಗುತ್ತಿತ್ತು, ಮುಖ ಕಿವುಚುತ್ತಿದ್ದರು.

ಒಂದು ತಿರುವಿನಲ್ಲಿ, ರಸ್ತೆಯ ಮೇಲಿಂದ ಕಣ್ಣು ತೆಗೆಯದೆ, “ಮೂರನೇದು ಹಿಡೀಬಹುದಿತ್ತು” ಅಂದರು.

“ಹೌದು, ಹಿಡೀಬಹುದಿತ್ತು” ಅಂದೆ.